ನಮ್ಮ ಕಾಲೇಜಿನ ವಿಕಿಪೀಡಿಯ ಪುಟವನ್ನು ನಾವೇ ತಿದ್ದಿದರೆ ತಪ್ಪೇನು?

ಪ್ರಶ್ನೆ: ಸರ್, ನಾನು ಉತ್ತರ ಕರ್ನಾಟಕದ ಒಂದು ವಿದ್ಯಾಸಂಸ್ಥೆಯ ಆಫೀಸಿನಲ್ಲಿ ಪ್ರಚಾರದ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಕಾಲೇಜಿನ ಬಗ್ಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಪುಟ ಇದೆ. ಯಾರು ಬರೆದರೋ ಗೊತ್ತಿಲ್ಲ. ಕಾಲೇಜು ಶುರುವಾಗಿದ್ದು 1963ರಲ್ಲಿ, ಅಲ್ಲಿ 1958 ಅಂತಿದೆ. ಕೋರ್ಸುಗಳ ಪಟ್ಟಿ ಹಳೆಯದು. ಎಲ್ಲಕ್ಕಿಂತ ದೊಡ್ಡ ತಲೆನೋವು ಅಂದರೆ, ಕೆಲವು ವರ್ಷಗಳ ಹಿಂದೆ ನಡೆದ ಫೀಸಿನ ಗಲಾಟೆ ಬಗ್ಗೆ ಉದ್ದದ ಪ್ಯಾರಾ ಇದೆ. ಅದು ಆಗಲೇ ಬಗೆಹರಿದ ವಿಷಯ. ಆದರೂ ಅಡ್ಮಿಶನ್ ಸಮಯದಲ್ಲಿ ಪೋಷಕರು ಮೊಬೈಲಿನಲ್ಲಿ ಅದನ್ನೇ ತೋರಿಸುತ್ತಾರೆ. ಕಾರ್ಯದರ್ಶಿಗಳು "ಅದನ್ನು ತೆಗೆಸಮ್ಮ" ಅಂದರು. ಸಂಸ್ಥೆಯ ಹೆಸರಿನಲ್ಲೇ ಖಾತೆ ತೆರೆದು ಆ ಪ್ಯಾರಾ ಅಳಿಸಿದೆ, ನಮ್ಮ ವೆಬ್‌ಸೈಟಿನಲ್ಲಿದ್ದ ಪರಿಚಯವನ್ನು ಅಲ್ಲಿ ಹಾಕಿದೆ. ಅರ್ಧ ಗಂಟೆಯಲ್ಲಿ ಎಲ್ಲ ಮೊದಲಿನ ಹಾಗೆ ಆಯಿತು, ಖಾತೆ ಬ್ಲಾಕ್ ಆಯಿತು. ಪುಟದ ಮೇಲೆ, ಇದನ್ನು ಬರೆದವರಿಗೆ ವಿಷಯದ ಜೊತೆ ಹತ್ತಿರದ ಸಂಬಂಧ ಇರುವಂತಿದೆ ಎಂಬ ಪೆಟ್ಟಿಗೆ ಬೇರೆ ಬಂದು ಕೂತಿದೆ. ಈಗ ಒಂದು ಏಜೆನ್ಸಿಯವರು ಫೋನ್ ಮಾಡಿ, 60 ಸಾವಿರ ಕೊಡಿ, ನಮ್ಮ ಕಡೆ ಅಡ್ಮಿನ್ ಇದ್ದಾರೆ, ಎಲ್ಲ ಸರಿ ಮಾಡಿಸುತ್ತೇವೆ ಅನ್ನುತ್ತಿದ್ದಾರೆ. ನಮ್ಮ ಕಾಲೇಜಿನ ಬಗ್ಗೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾವು ತಿದ್ದಿದರೆ ತಪ್ಪೇನು? ಈಗ ಏನು ಮಾಡಲಿ?

ಉತ್ತರ: ಮೊದಲು ಸ್ವಲ್ಪ ಸಮಾಧಾನ ಮಾಡಿಕೊಳ್ಳಿ ಮೇಡಂ. ನೀವು ಮಾಡಿದ್ದು ಈ ವಿಷಯದಲ್ಲಿ ಬಹುಪಾಲು ಜನ ಮೊದಲ ದಿನ ಮಾಡುವ ತಪ್ಪೇ. ವಿಕಿಪೀಡಿಯ ಶುರು ಮಾಡಿದವರಲ್ಲಿ ಒಬ್ಬರಾದ ಜಿಮ್ಮಿ ವೇಲ್ಸ್ ಅವರೇ ತಮ್ಮ ಬಗೆಗಿನ ಪುಟವನ್ನು ತಾವೇ ತಿದ್ದಿ 2005ರಲ್ಲಿ ಸಿಕ್ಕಿಬಿದ್ದಿದ್ದರು. ಲ್ಯಾರಿ ಸ್ಯಾಂಗರ್ ಸಹ-ಸ್ಥಾಪಕ ಎಂದು ಹೇಳುವ ಮಾತುಗಳನ್ನು ಅಲ್ಲಿಂದ ತೆಗೆದಿದ್ದರು. ಸುದ್ದಿಯಾದ ಮೇಲೆ, ನಾನು ಹಾಗೆ ಮಾಡಬಾರದಿತ್ತು ಎಂದು ಒಪ್ಪಿಕೊಂಡರು. ನಾನೂ ಸಾಚಾ ಅಲ್ಲ. ವಿಕಿಪೀಡಿಯಕ್ಕೆ ಹೊಸದಾಗಿ ಬಂದಾಗ ನಾನು ಓದಿದ ಹೈಸ್ಕೂಲಿನ ಬಗ್ಗೆ ಒಂದು ಪುಟ ಬರೆದು, 'ಜಿಲ್ಲೆಯಲ್ಲೇ ಅತ್ಯುತ್ತಮ ಶಾಲೆ' ಅಂತ ಹಾಕಿದ್ದೆ. ಯಾರೋ ಒಬ್ಬರು ಅದರ ಪಕ್ಕ 'ಉಲ್ಲೇಖ ಬೇಕು' ಎಂದು ಸಣ್ಣ ಅಕ್ಷರದಲ್ಲಿ ಅಂಟಿಸಿ ಹೋದರು. ನನಗೆ ಬಂದ ಸಿಟ್ಟು! ನಮ್ಮ ಶಾಲೆ ಅತ್ಯುತ್ತಮ ಅನ್ನುವುದಕ್ಕೆ ಉಲ್ಲೇಖ ಯಾಕೆ ಬೇಕು, ಊರಿಗೇ ಗೊತ್ತಲ್ಲ ಅನಿಸಿತ್ತು. ಒಂದು ವಾರ ಹುಡುಕಿದೆ. ಸಿಕ್ಕಿದ್ದು ನಮ್ಮ ಹೆಡ್‌ಮಾಸ್ಟರರ ವಾರ್ಷಿಕೋತ್ಸವದ ಭಾಷಣ ಮಾತ್ರ.

ನಿಮ್ಮ ಪ್ರಶ್ನೆಯ ಒಳಗೆ ಮೂರು ಚಿಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ತಪ್ಪು ಮಾಹಿತಿ ಸರಿಯಾಗಬೇಕು, ಅದು ನ್ಯಾಯ. ಇಷ್ಟವಿಲ್ಲದ ಮಾಹಿತಿ ಹೋಗಬೇಕು, ಅದು ಬೇರೆಯೇ ಮಾತು. ಮೂರನೆಯದು ಕಾರ್ಯದರ್ಶಿಗಳಿಗೆ ಏನು ಹೇಳುವುದು ಅನ್ನುವುದು, ಬಹುಶಃ ಎಲ್ಲಕ್ಕಿಂತ ಕಷ್ಟದ್ದು ಅದೇ.

'ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು' ಅನ್ನುವುದು ನಿಜ. ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಕಾಲೇಜಿನ ಮೇಷ್ಟ್ರ ಮಗಳು ಅದೇ ವರ್ಷ ಪರೀಕ್ಷೆ ಬರೆದರೆ ಆ ಪತ್ರಿಕೆಗಳ ವ್ಯಾಲ್ಯುಯೇಶನ್ ಅವರಿಗೆ ಕೊಡುತ್ತಾರಾ? ಮಗಳಿಗೆ ಎಷ್ಟು ಗೊತ್ತು ಅನ್ನುವುದು ಅಪ್ಪನಿಗೆ ತಿಳಿದಷ್ಟು ಇನ್ನೊಬ್ಬರಿಗೆ ತಿಳಿಯದು. ಮೇಷ್ಟ್ರು ಪ್ರಾಮಾಣಿಕರೇ ಇರಬಹುದು. ಆದರೂ ಕೊಡುವುದಿಲ್ಲ. ಅವರು ಮೋಸ ಮಾಡುತ್ತಾರೆ ಅಂತಲ್ಲ, ಅವರು ಹಾಕಿದ ಮಾರ್ಕ್ಸನ್ನು ಬೇರೆಯವರು ನಂಬಲು ಆಗುವುದಿಲ್ಲ ಅಂತ. ಹಿತಾಸಕ್ತಿ ಸಂಘರ್ಷ ಎಂಬ ದೊಡ್ಡ ಹೆಸರಿನ ಒಳಗಿರುವುದು ಇಷ್ಟೇ. ನೀವು ಕೆಟ್ಟವರು ಎಂಬ ಆರೋಪ ಅದರಲ್ಲಿ ಇಲ್ಲ, ನೀವು ಎಲ್ಲಿ ಕೂತಿದ್ದೀರಿ ಅನ್ನುವುದರ ವರ್ಣನೆ ಅಷ್ಟೇ. ಪುಟದ ಮೇಲಿನ ಪೆಟ್ಟಿಗೆ ಓದಿ ಅವಮಾನ ಆದಂತೆ ಬರೆದಿದ್ದೀರಿ, ಅದಕ್ಕೇ ಇದನ್ನು ಸ್ವಲ್ಪ ಉದ್ದ ಹೇಳಿದೆ.

ಆ ಅರ್ಧ ಗಂಟೆಯಲ್ಲಿ ಆ ಕಡೆಯಿಂದ ಏನು ಕಂಡಿರುತ್ತದೆ ಅಂತ ಹೇಳುತ್ತೇನೆ. ವಿಕಿಪೀಡಿಯದ ಪ್ರತಿ ಪುಟಕ್ಕೂ 'ಇತಿಹಾಸ' ಅಂತ ಒಂದು ಭಾಗ ಇರುತ್ತದೆ. ಯಾರು, ಯಾವಾಗ, ಎಷ್ಟು ಅಕ್ಷರ ಸೇರಿಸಿದರು, ಎಷ್ಟು ತೆಗೆದರು, ಎಲ್ಲ ಅಲ್ಲಿ ದಾಖಲಾಗುತ್ತದೆ. ಸೇರಿಸಿದ್ದು ಹಸಿರಿನಲ್ಲಿ, ತೆಗೆದಿದ್ದು ಕೆಂಪಿನಲ್ಲಿ. ಹೊಸ ಬದಲಾವಣೆಗಳನ್ನು ಕಾಯುವ ಸ್ವಯಂಸೇವಕರ ಕಣ್ಣಿಗೆ ಬಿದ್ದದ್ದು ಇಷ್ಟು: ಕಾಲೇಜಿನ ಹೆಸರಿನದೇ ಖಾತೆ, ಹುಟ್ಟಿ ಹತ್ತು ನಿಮಿಷ ಆಗಿಲ್ಲ, ಬಂದವರೇ ಪತ್ರಿಕೆಯ ಉಲ್ಲೇಖ ಇರುವ ಒಂದು ಪ್ಯಾರಾ ಕಿತ್ತುಹಾಕಿದ್ದಾರೆ, ಆ ಜಾಗದಲ್ಲಿ 'ಉತ್ಕೃಷ್ಟತೆಯ ಕೇಂದ್ರ' ಎಂಬಂಥ ಸಾಲುಗಳಿವೆ, ಕಾರಣ ಬರೆಯುವ ಜಾಗ ಖಾಲಿ ಇದೆ. ಆ ಸಾಲುಗಳನ್ನು ಗೂಗಲ್ಲಿಗೆ ಹಾಕಿದರೆ ನಿಮ್ಮ ವೆಬ್‌ಸೈಟ್ ಬರುತ್ತದೆ. ಆ ಜಾಗದಲ್ಲಿ ನಾನಿದ್ದರೂ ಹಿಂದಕ್ಕೆ ತಿರುಗಿಸುತ್ತಿದ್ದೆ. ಅಂದರೆ ಒಂದೇ ಏಟಿಗೆ ನಾಲ್ಕು ನಿಯಮ ಮುರಿದಿವೆ. ಸಂಸ್ಥೆಯ ಹೆಸರಿನಲ್ಲಿ ಖಾತೆ ಇರುವಂತಿಲ್ಲ, ಖಾತೆ ಒಬ್ಬ ವ್ಯಕ್ತಿಯದಾಗಿರಬೇಕು. ಉಲ್ಲೇಖ ಇರುವ ವಿಷಯವನ್ನು ಕಾರಣ ಕೊಡದೆ ತೆಗೆಯುವಂತಿಲ್ಲ. ಪ್ರಚಾರದ ಭಾಷೆ ಇರುವಂತಿಲ್ಲ. ವೆಬ್‌ಸೈಟಿನ ಬರಹ ನಿಮ್ಮದೇ ಆದರೂ ಅದು ಕಾಪಿರೈಟ್ ಇರುವ ಬರಹ, ಯಾರು ಬೇಕಾದರೂ ಬಳಸಬಹುದು ಎಂಬ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿಲ್ಲದಿದ್ದರೆ ಅಲ್ಲಿ ಹಾಕುವಂತಿಲ್ಲ.

ಐದನೆಯದು ಒಂದಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. 2014ರ ಜೂನ್‌ನಿಂದ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ನಿನ ಬಳಕೆಯ ಷರತ್ತುಗಳಲ್ಲೇ ಇದೆ: ಹಣ ಪಡೆದು ತಿದ್ದುವವರು ತಮ್ಮ ಉದ್ಯೋಗದಾತರು ಯಾರು, ಯಾರ ಪರವಾಗಿ ಮಾಡುತ್ತಿದ್ದೇವೆ, ಏನು ಸಂಬಂಧ ಅನ್ನುವುದನ್ನು ಬಹಿರಂಗವಾಗಿ ಹೇಳಬೇಕು. 'ನನಗೆ ಇದಕ್ಕೆ ಅಂತ ಬೇರೆ ದುಡ್ಡು ಕೊಟ್ಟಿಲ್ಲ ಸರ್, ಸಂಬಳದ ಕೆಲಸ' ಅಂದರೂ ನಡೆಯಲ್ಲ. ಆಫೀಸಿನ ಕೆಲಸದ ಭಾಗವಾಗಿ ತಿದ್ದಿದರೆ ಅದೂ ಹಣ ಪಡೆದು ತಿದ್ದಿದ ಲೆಕ್ಕವೇ.

ಇನ್ನು ಏಜೆನ್ಸಿಯ ವಿಷಯ. ದಯವಿಟ್ಟು ಬೇಡ. ಅವರ ಮಾತಿನಲ್ಲಿ 'ನಮ್ಮ ಕಡೆ ಅಡ್ಮಿನ್ ಇದ್ದಾರೆ' ಅನ್ನುವುದೊಂದೇ ಸಾಕು, ಫೋನ್ ಇಡುವುದಕ್ಕೆ. ಅಡ್ಮಿನ್ ಅಂದರೆ ಪುಟದ ಮಾಲೀಕ ಅಲ್ಲ, ಸಂಪಾದಕ ಮಂಡಳಿಯ ಅಧ್ಯಕ್ಷನೂ ಅಲ್ಲ. ಪುಟ ಅಳಿಸುವ, ಖಾತೆ ಬ್ಲಾಕ್ ಮಾಡುವ ಬಟನ್ ಕೊಟ್ಟಿರುವ ಸ್ವಯಂಸೇವಕ ಅಷ್ಟೇ. ಯಾವ ಪ್ಯಾರಾ ಇರಬೇಕು, ಯಾವುದು ಬೇಡ ಎಂದು ತೀರ್ಮಾನ ಕೊಡುವ ಅಧಿಕಾರ ಅವರಿಗೆ ಇಲ್ಲ. ಅಂಥ ಅಡ್ಮಿನ್ ಒಬ್ಬರನ್ನು ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಐಐಪಿಎಂ ಎಂಬ ಮ್ಯಾನೇಜ್‌ಮೆಂಟ್ ಸಂಸ್ಥೆ ನೆನಪಿರಬಹುದು, ಒಂದು ಕಾಲದಲ್ಲಿ ಪತ್ರಿಕೆಗಳ ತುಂಬ ಅವರದೇ ಜಾಹೀರಾತು. ಇಂಗ್ಲಿಷ್ ವಿಕಿಪೀಡಿಯದಲ್ಲಿ 'ವೈಫೈಒನ್' ಎಂಬ ಹೆಸರಿನ ಅಡ್ಮಿನ್ ಒಬ್ಬರು ವರ್ಷಗಟ್ಟಲೆ ಆ ಪುಟವನ್ನು ಸಂಸ್ಥೆಗೆ ಅನುಕೂಲವಾಗುವ ಹಾಗೆ ನೋಡಿಕೊಂಡರು ಎಂಬ ದೂರು ಬಂತು. 2015ರಲ್ಲಿ ವಿಕಿಪೀಡಿಯದ ಪಂಚಾಯ್ತಿ ಸಮಿತಿ ವಿಚಾರಣೆ ಮಾಡಿ, ಅಡ್ಮಿನ್ ಹಕ್ಕು ಕಿತ್ತುಕೊಂಡು ಆ ಖಾತೆಯನ್ನೇ ನಿಷೇಧಿಸಿತು. ಹೊರದೇಶದ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಯಾವ ಸುದ್ದಿ ಜನರ ಕಣ್ಣಿಗೆ ಬೀಳಬಾರದಿತ್ತೋ ಅದೇ ಮತ್ತೊಮ್ಮೆ ಬೀದಿಗೆ ಬಂತು.

ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ನಡೆದದ್ದು ನಿಮ್ಮ ಕಥೆಗೆ ಇನ್ನೂ ಹತ್ತಿರ. 'ಆರೆಂಜ್‌ಮೂಡಿ' ಅಂತ ಅದನ್ನು ಕರೆಯುತ್ತಾರೆ, ಮೊದಲು ಸಿಕ್ಕ ಖಾತೆಯ ಹೆಸರು ಅದು. ಒಂದೇ ಗುಂಪಿಗೆ ಸೇರಿದ 381 ನಕಲಿ ಖಾತೆಗಳು ಒಟ್ಟಿಗೆ ಬ್ಲಾಕ್ ಆದವು, ಅವರು ಬರೆದ 210 ಲೇಖನ ಅಳಿಸಿಹೋದವು. ಅವರ ಕೆಲಸದ ರೀತಿ ನೋಡಿ. ಸಣ್ಣ ಕಂಪನಿಗಳ, ಕಲಾವಿದರ ಬಗೆಗಿನ ಕರಡು ಲೇಖನ ತಿರಸ್ಕಾರವಾದದ್ದನ್ನು ಹುಡುಕುತ್ತಿದ್ದರು. ಆಮೇಲೆ ಆ ಕಂಪನಿಗೇ ಫೋನು, ಮೇಲು: ದುಡ್ಡು ಕೊಡಿ, ಪ್ರಕಟ ಮಾಡಿಸುತ್ತೇವೆ. ಕೆಲವೊಮ್ಮೆ ನಿಜವಾದ ಅನುಭವಿ ಸಂಪಾದಕರ ಹೆಸರು ಹೇಳಿಕೊಳ್ಳುತ್ತಿದ್ದರು. ಪ್ರಕಟವಾದ ಮೇಲೆ ಪುಟವನ್ನು 'ಕಾಪಾಡಿಕೊಳ್ಳಲು' ತಿಂಗಳ ಮಾಮೂಲು. ನಿಮ್ಮ ಖಾತೆ ಬ್ಲಾಕ್ ಆದ ಸ್ವಲ್ಪ ದಿನಕ್ಕೇ ಇವರ ಫೋನ್ ಬಂತು ಅಂದಿರಲ್ಲ, ನಂಬರ್ ಎಲ್ಲಿ ಸಿಕ್ಕಿತು ಅಂತ ಯೋಚಿಸಿದಿರಾ? ವಿಕಿಪೀಡಿಯದ ಬದಲಾವಣೆಗಳು ಎಲ್ಲರಿಗೂ ಕಾಣುತ್ತವೆ, ಇಂಥವರಿಗೂ. ನಂಬರ್ ನಿಮ್ಮ ವೆಬ್‌ಸೈಟಿನಲ್ಲೇ ಇರುತ್ತದೆ.

ಎಲ್ಲ ಏಜೆನ್ಸಿಗಳೂ ಹೀಗೆ ಅಂತ ನಾನು ಹೇಳುತ್ತಿಲ್ಲ. ತಾವು ಯಾರು ಎಂದು ಹೇಳಿಕೊಂಡು, ಪುಟದ ಜೊತೆಗೇ ಮಾತುಕತೆಗೆ ಅಂತ ಇರುವ ಚರ್ಚೆ ಪುಟದಲ್ಲಿ ಕೇಳಿ ಕೆಲಸ ಮಾಡುವವರೂ ಇದ್ದಾರೆ. ಅವರನ್ನು ಗುರುತಿಸುವುದು ಸುಲಭ. 'ನಿಮ್ಮ ಖಾತೆಯ ಹೆಸರೇನು, ಇದು ದುಡ್ಡಿನ ಕೆಲಸ ಅಂತ ಅಲ್ಲಿ ಬರೆಯುತ್ತೀರಾ' ಅಂತ ಕೇಳಿ. ಮಾತು ತೇಲಿಸಿದರೆ ಬಿಡಿ. ಫಲಿತಾಂಶದ ಗ್ಯಾರಂಟಿ ಕೊಟ್ಟರೂ ಬಿಡಿ, ಅಂಥ ಗ್ಯಾರಂಟಿ ಯಾರ ಕೈಯಲ್ಲೂ ಇಲ್ಲ.

ಕಾರ್ಯದರ್ಶಿಗಳಿಗೆ ಹೇಳಲು ಒಂದು ತಮಾಷೆಯ ಕಥೆ. 2017ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಬರ್ಗರ್ ಕಿಂಗ್ ಒಂದು ಟಿವಿ ಜಾಹೀರಾತು ಬಿಟ್ಟಿತು. ಕೊನೆಯಲ್ಲಿ ಒಬ್ಬ ಹುಡುಗ ಕ್ಯಾಮೆರಾ ನೋಡಿ, ಓಕೆ ಗೂಗಲ್, ವಾಪರ್ ಬರ್ಗರ್ ಅಂದರೇನು ಅಂತ ಕೇಳುತ್ತಾನೆ. ಮನೆಯಲ್ಲಿ ಗೂಗಲ್ ಹೋಮ್ ಎಂಬ, ಮಾತು ಕೇಳಿ ಉತ್ತರ ಕೊಡುವ ಸ್ಪೀಕರ್ ಇದ್ದರೆ ಅದು ಎಚ್ಚರವಾಗಿ ವಿಕಿಪೀಡಿಯದ ಮೊದಲ ಸಾಲು ಓದಬೇಕು, ಅದು ಐಡಿಯಾ. ಜಾಹೀರಾತಿಗೆ ಕೆಲವು ದಿನ ಮುಂಚೆ ಆ ಮೊದಲ ಸಾಲನ್ನು ಯಾರೋ ಥೇಟ್ ಜಾಹೀರಾತಿನ ಭಾಷೆಗೆ ತಿರುಗಿಸಿದ್ದರು, ಖಾತೆಯ ಹೆಸರು ಕಂಪನಿಯ ಮಾರ್ಕೆಟಿಂಗ್ ಅಧಿಕಾರಿಯ ಹೆಸರಿಗೆ ಹೋಲುತ್ತಿತ್ತು. ಜಾಹೀರಾತು ಬಂದದ್ದೇ ತಡ, ಕಿಡಿಗೇಡಿಗಳು ಆ ಪುಟಕ್ಕೆ ನುಗ್ಗಿ ಬರ್ಗರಿನ ಪದಾರ್ಥಗಳ ಪಟ್ಟಿಯಲ್ಲಿ ಸಯನೈಡ್ ಸೇರಿಸಿದರು. ಕೊನೆಗೆ ಪುಟಕ್ಕೆ ಬೀಗ ಹಾಕಬೇಕಾಯಿತು, ಗೂಗಲ್ ಆ ಜಾಹೀರಾತಿಗೆ ಉತ್ತರ ಕೊಡುವುದನ್ನೇ ನಿಲ್ಲಿಸಿತು.

ಇನ್ನೊಂದು ಭ್ರಮೆ, 'ಬೇರೆ ಹೆಸರಿನಲ್ಲಿ ಮನೆಯಿಂದ ತಿದ್ದಿದರೆ ಗೊತ್ತಾಗಲ್ಲ' ಅನ್ನುವುದು. 2007ರಲ್ಲಿ ವರ್ಜಿಲ್ ಗ್ರಿಫಿತ್ ಎಂಬ ವಿದ್ಯಾರ್ಥಿ ವಿಕಿಸ್ಕ್ಯಾನರ್ ಎಂಬ ಸಾಧನ ಮಾಡಿದ್ದ. ಲಾಗಿನ್ ಆಗದೆ ತಿದ್ದಿದವರ ಐಪಿ ವಿಳಾಸ, ಅಂದರೆ ಅವರ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ, ಆಗ ಎಲ್ಲರಿಗೂ ಕಾಣುತ್ತಿತ್ತು. ಯಾವ ವಿಳಾಸ ಯಾವ ಸಂಸ್ಥೆಯದು ಎಂದು ಅದು ಜೋಡಿಸಿ ತೋರಿಸಿತು. ಸಿಐಎ ಕಂಪ್ಯೂಟರುಗಳಿಂದ, ವ್ಯಾಟಿಕನ್ನಿನಿಂದ, ಮತಯಂತ್ರ ತಯಾರಿಸುವ ಡೈಬೋಲ್ಡ್ ಕಂಪನಿಯಿಂದ ಆದ ತಿದ್ದುಪಡಿಗಳು ಸಾಲಾಗಿ ಹೊರಬಂದವು. ಡೈಬೋಲ್ಡ್ ವಿಳಾಸದಿಂದ ಅಳಿಸಿದ್ದು ಅವರ ಯಂತ್ರಗಳ ಮೇಲಿನ ಟೀಕೆಯ ಪ್ಯಾರಾಗಳನ್ನೇ. ಇವತ್ತು ಖಾತೆ ಬೇರೆ ಬೇರೆ ಇದ್ದರೂ ಹಿಂದಿರುವುದು ಒಬ್ಬರೇ ಅಂತ ಪತ್ತೆ ಮಾಡುವ ತಾಂತ್ರಿಕ ತಪಾಸಣೆ ಇದೆ. ಅದೂ ಬೇಕಿಲ್ಲ ಬಿಡಿ. ಅದೇ ಪ್ಯಾರಾ, ಅದೇ ಭಾಷೆ, ಅದೇ ಪುಟ ಅಂದರೆ ಯಾರಿಗಾದರೂ ಅರ್ಥವಾಗುತ್ತದೆ.

ಸರಿ, ಈಗ ಏನು ಮಾಡುವುದು.

ನಿಮ್ಮ ಖಾತೆಯ ಚರ್ಚೆ ಪುಟದಲ್ಲಿ ಬ್ಲಾಕ್ ಯಾಕಾಯಿತು ಅಂತ ಒಂದು ಸೂಚನೆ ಇರುತ್ತದೆ. ಅದನ್ನು ಪೂರ್ತಿ ಓದಿ. ಹೆಸರಿನ ಕಾರಣಕ್ಕೆ ಮಾತ್ರ ಆಗಿದ್ದರೆ ಹೊಸ ಹೆಸರಿನಲ್ಲಿ ಬನ್ನಿ ಎಂದೇ ಅಲ್ಲಿ ಹೇಳಿರುತ್ತಾರೆ. ಪ್ರಚಾರದ ಕಾರಣವೂ ಸೇರಿದ್ದರೆ ಹೊಸ ಖಾತೆ ತೆರೆಯಬೇಡಿ, ಅದು ಬ್ಲಾಕ್ ತಪ್ಪಿಸಿಕೊಂಡ ಹಾಗಾಗುತ್ತದೆ. ಅಲ್ಲೇ ಅನ್‌ಬ್ಲಾಕ್ ಕೋರಿಕೆ ಹಾಕಿ. ನಾನು ಇಂಥ ಕಾಲೇಜಿನ ಉದ್ಯೋಗಿ, ನಿಯಮ ಗೊತ್ತಿರಲಿಲ್ಲ, ಇನ್ನು ಮುಂದೆ ಪುಟವನ್ನು ನೇರವಾಗಿ ತಿದ್ದುವುದಿಲ್ಲ, ಚರ್ಚೆ ಪುಟದಲ್ಲಿ ಕೇಳುತ್ತೇನೆ, ಖಾತೆಯ ಹೆಸರು ಬದಲಿಸಿಕೊಡಿ. ಇಷ್ಟೇ ಬರೆಯಿರಿ. ಸಂಸ್ಥೆಯ ಸಾಧನೆ, ಸಂಸ್ಥಾಪಕರ ತ್ಯಾಗ ಯಾವುದೂ ಬೇಡ. ನಿಮ್ಮ ಹೆಸರಿನ ಜೊತೆ ಕಾಲೇಜಿನ ಹೆಸರು ಸೇರಿಸಿಕೊಂಡರೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅಡ್ಡಿಯಿಲ್ಲ, ಕಾಲೇಜಿನ ಹೆಸರು ಮಾತ್ರ ಇದ್ದರೆ ಅಡ್ಡಿ.

ಆಮೇಲೆ ಲೇಖನದ ಚರ್ಚೆ ಪುಟಕ್ಕೆ ಹೋಗಿ. ನಿಮ್ಮಂಥವರಿಗೆ ಅಂತಲೇ 'ತಿದ್ದುಪಡಿ ಕೋರಿಕೆ' ಎಂಬ ವ್ಯವಸ್ಥೆ ಅಲ್ಲಿದೆ. ಅದನ್ನು ಬಳಸಿದರೆ ಸಂಬಂಧವಿಲ್ಲದ ಸ್ವಯಂಸೇವಕರೊಬ್ಬರು ನೋಡುತ್ತಾರೆ. ಕೆಲವೊಮ್ಮೆ ಎರಡು ದಿನ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ, ಅವರಿಗೂ ಹೊಟ್ಟೆಪಾಡಿನ ಬೇರೆ ಕೆಲಸ ಇರುತ್ತದೆ. ಕೋರಿಕೆ ಹೇಗಿರಬೇಕು ಅಂದರೆ, ಓದಿದವರು ಐದು ನಿಮಿಷದಲ್ಲಿ ಪರೀಕ್ಷಿಸಿ ಮಾಡಿ ಮುಗಿಸುವಂತಿರಬೇಕು. ಹೀಗೆ:

'ಈಗಿರುವುದು: ಕಾಲೇಜು 1958ರಲ್ಲಿ ಸ್ಥಾಪನೆಯಾಯಿತು. ಆಗಬೇಕಾದದ್ದು: ಕಾಲೇಜು 1963ರಲ್ಲಿ ಸ್ಥಾಪನೆಯಾಯಿತು. ಕಾರಣ: 1958 ಟ್ರಸ್ಟ್ ನೋಂದಣಿಯಾದ ವರ್ಷ. ಆಧಾರ: ಇಂಥ ಪತ್ರಿಕೆ, ಇಂಥ ದಿನಾಂಕ, ಇಂಥ ಪುಟ. ನಾನು ಈ ಕಾಲೇಜಿನ ಉದ್ಯೋಗಿ.'

1958 ಟ್ರಸ್ಟಿನ ವರ್ಷ ಅನ್ನುವುದು ನನ್ನ ಊಹೆ, ಒಮ್ಮೆ ನೋಡಿ. ನಮ್ಮ ಕಡೆಯ ಸಂಸ್ಥೆಗಳ ಪುಟದಲ್ಲಿ ವರ್ಷ ತಪ್ಪಾಗುವುದು ಹೆಚ್ಚಾಗಿ ಹೀಗೇ. ಮೊದಲು ಸಂಘ, ಆಮೇಲೆ ಹೈಸ್ಕೂಲು, ಆಮೇಲೆ ಕಾಲೇಜು, ಗೇಟಿನ ಮೇಲೆ ಮಾತ್ರ ಎಲ್ಲಕ್ಕಿಂತ ಹಳೆಯ ವರ್ಷ. ನಿಮ್ಮ ಗೇಟಿನ ಮೇಲೆ ಏನಿದೆ ಅಂತಲೂ ಒಮ್ಮೆ ನೋಡಿಕೊಳ್ಳಿ. ಆಧಾರಕ್ಕೆ ಇಂಗ್ಲಿಷ್ ಪತ್ರಿಕೆಯೇ ಬೇಕು, ಆನ್‌ಲೈನ್‌ನಲ್ಲೇ ಇರಬೇಕು ಅನ್ನುವುದು ತಪ್ಪು ತಿಳಿವಳಿಕೆ. ಕನ್ನಡ ಪತ್ರಿಕೆಯ ಹಳೇ ಕಟಿಂಗ್ ನಡೆಯುತ್ತದೆ, ಜಿಲ್ಲಾ ಗೆಜೆಟಿಯರ್ ನಡೆಯುತ್ತದೆ. ಸ್ಥಾಪನೆಯ ವರ್ಷದಂಥ ತಕರಾರಿಲ್ಲದ ಮಾತಿಗೆ ನಿಮ್ಮದೇ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯನ್ನೂ ಒಪ್ಪಬಹುದು. 'ರಾಜ್ಯದ ಪ್ರತಿಷ್ಠಿತ ಕಾಲೇಜು' ಅನ್ನುವುದಕ್ಕೆ ಮಾತ್ರ ಅದು ನಡೆಯಲ್ಲ. ದುಡ್ಡು ಕೊಟ್ಟು ಹಾಕಿಸಿದ ವಿಶೇಷ ಪುರವಣಿಯೂ ನಡೆಯಲ್ಲ. ಭಾರತದ ಪತ್ರಿಕೆಗಳ ಕಾಸಿನ ಸುದ್ದಿಯ ವಿಷಯ ಅಲ್ಲಿನವರಿಗೆ ಚೆನ್ನಾಗೇ ಗೊತ್ತು.

ಒಂದು ಸಲಕ್ಕೆ ಒಂದೇ ಕೋರಿಕೆ ಇಡಿ. ವರ್ಷದ್ದು ಮೊದಲು. ಕೋರ್ಸುಗಳ ಪಟ್ಟಿ ಆಮೇಲೆ, ಅದೂ ಚಿಕ್ಕದಾಗಿ. ಪೂರ್ತಿ ಪಟ್ಟಿಗೆ ನಿಮ್ಮ ವೆಬ್‌ಸೈಟ್ ಇದೆಯಲ್ಲ.

ಇನ್ನು ಫೀಸಿನ ಪ್ಯಾರಾ. ಪತ್ರಿಕೆಗಳಲ್ಲಿ ಬಂದ ಗಲಾಟೆ ಆಗಿದ್ದರೆ ಅದು ಪೂರ್ತಿ ಹೋಗುವುದಿಲ್ಲ, ಇದನ್ನು ಕಾರ್ಯದರ್ಶಿಗಳಿಗೆ ಈಗಲೇ ಹೇಳಿಬಿಡಿ. ಆದರೆ ನೀವು ಕೇಳಬಹುದಾದದ್ದು ಬಹಳ ಇದೆ. ಪ್ಯಾರಾದ ಒಂದೊಂದು ವಾಕ್ಯವನ್ನೂ ಅದರ ಉಲ್ಲೇಖದ ಪಕ್ಕ ಇಟ್ಟು ಓದಿ. 'ವಿದ್ಯಾರ್ಥಿಗಳನ್ನು ಸುಲಿಗೆ ಮಾಡುತ್ತಾರೆ ಎಂಬ ದೂರು ಮೊದಲಿನಿಂದಲೂ ಇದೆ' ಎಂಬಂಥ ವಾಕ್ಯ ಇದ್ದು, ಪತ್ರಿಕೆಯಲ್ಲಿ ಬರೀ ಒಂದು ದಿನದ ಪ್ರತಿಭಟನೆಯ ವರದಿ ಇದ್ದರೆ, ಆ ವಾಕ್ಯ ತೆಗೆಯಿರಿ ಎಂದು ಕೇಳಲು ನಿಮಗೆ ಗಟ್ಟಿ ಕಾರಣ ಸಿಕ್ಕಿತು. ವಿಷಯ ಬಗೆಹರಿದದ್ದೂ ಪತ್ರಿಕೆಯಲ್ಲಿ ಬಂದಿದ್ದರೆ ಅದನ್ನು ಸೇರಿಸಲು ಕೇಳಿ. ಇಡೀ ಪುಟ ಹತ್ತು ಸಾಲು, ಅದರಲ್ಲಿ ಆರು ಸಾಲು ಇದೇ ಗಲಾಟೆ ಆಗಿದ್ದರೆ, ಅರವತ್ತು ವರ್ಷದ ಕಾಲೇಜಿನ ಪುಟದಲ್ಲಿ ಒಂದು ಘಟನೆಗೆ ಇಷ್ಟು ಜಾಗ ಸರಿಯಾ ಅಂತಲೂ ಕೇಳಬಹುದು. ಅದಕ್ಕೂ ಅಲ್ಲಿ ನಿಯಮ ಇದೆ. ನಾನು ನೋಡಿದ ಹಾಗೆ ಇಂಥ ಕೋರಿಕೆಗಳಲ್ಲಿ ಆರು ಸಾಲು ಎರಡಾಗಿದ್ದು ಉಂಟು, ಎರಡು ಸೊನ್ನೆಯಾಗಿದ್ದು ಅಪರೂಪ. ರಿಸ್ಕ್ ಕೂಡ ಹೇಳಬೇಕಲ್ಲ: ನೀವು ಕರೆದು ತೋರಿಸಿದ ಮೇಲೆ ನೋಡಲು ಬಂದವರು ಚೆನ್ನಾಗಿ ಹುಡುಕಿದರೆ, ನಿಮಗೆ ಇಷ್ಟವಿಲ್ಲದ ಇನ್ನೂ ಎರಡು ವರದಿ ಸಿಕ್ಕಬಹುದು. ಅಂಥದ್ದು ಇದೆಯಾ ಅಂತ ನಿಮಗೇ ಗೊತ್ತಿರುತ್ತದೆ.

ಲೀಗಲ್ ನೋಟಿಸ್ ಕೊಡೋಣ ಅಂತ ಆಡಳಿತ ಮಂಡಳಿಯಲ್ಲಿ ಯಾರಾದರೂ ಒಬ್ಬರು ಅಂದೇ ಅನ್ನುತ್ತಾರೆ. ಕೋರ್ಟಿಗೆ ಹೋಗುವುದು ಯಾರದೇ ಹಕ್ಕು. ಆದರೆ ಎಎನ್‌ಐ ಸುದ್ದಿಸಂಸ್ಥೆ ತನ್ನ ಬಗೆಗಿನ ಪುಟದಲ್ಲಿದ್ದ ಮಾತುಗಳ ವಿಷಯಕ್ಕೆ 2024ರಲ್ಲಿ ದೆಹಲಿ ಹೈಕೋರ್ಟಿಗೆ ಹೋದಾಗ, ಆ ಕೇಸಿನ ಬಗ್ಗೆಯೇ ವಿಕಿಪೀಡಿಯದಲ್ಲಿ ಇನ್ನೊಂದು ಪುಟ ಹುಟ್ಟಿತು. ಅದನ್ನು ತೆಗೆಯಿರಿ ಅಂತ ಹೈಕೋರ್ಟ್ ಹೇಳಿತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮೊದಲು ಒಂದು ಪುಟದ ಪ್ಯಾರಾ ಬಗ್ಗೆ ಇದ್ದ ಜಗಳ ದೇಶಕ್ಕೆಲ್ಲ ಗೊತ್ತಾಯಿತು. ಚರ್ಚೆ ಪುಟದಲ್ಲಂತೂ 'ಕೇಸ್ ಹಾಕುತ್ತೇವೆ' ಅಂತ ಬರೆಯಲೇಬೇಡಿ, ಆ ಮಾತಿಗೇ ಖಾತೆ ಮತ್ತೆ ಬ್ಲಾಕ್ ಆಗುತ್ತದೆ.

'ಹಾಗಾದರೆ ಕನ್ನಡ ವಿಕಿಪೀಡಿಯದಲ್ಲಿ ನಮಗೆ ಬೇಕಾದ ಹಾಗೆ ಒಂದು ಪುಟ ಮಾಡಿಕೊಳ್ಳೋಣ, ಅಲ್ಲಿ ಅಷ್ಟು ಜನ ಇಲ್ಲ' ಎಂಬ ಯೋಚನೆಯೂ ಬರಬಹುದು. ಜನ ಕಡಿಮೆ ಅನ್ನುವುದು ನಿಜ. 2003ರಲ್ಲಿ ಶುರುವಾಗಿ ಇವತ್ತು 30 ಸಾವಿರಕ್ಕೂ ಜಾಸ್ತಿ ಲೇಖನಗಳಿರುವ ಜಾಗವನ್ನು ಬೆರಳೆಣಿಕೆಯ ಜನ ಕಾಯುತ್ತಿದ್ದಾರೆ. ಷರತ್ತುಗಳು ಮಾತ್ರ ಅಲ್ಲೂ ಅವೇ. ಸುಮ್ನೆ ಅವರ ತಲೆ ಮೇಲೆ ಇನ್ನೊಂದು ಹೊರೆ ಹಾಕಬೇಡಿ ಅಂತ ನನ್ನ ಸ್ವಂತ ಕೋರಿಕೆ. ಕನ್ನಡದಲ್ಲಿ ಪುಟ ಬೇಕಿದ್ದರೆ ಅಲ್ಲಿನ ಅರಳಿಕಟ್ಟೆಯಲ್ಲಿ, ಹೌದು, ಚರ್ಚೆಯ ಜಾಗಕ್ಕೆ ಅದೇ ಹೆಸರು, ನೀವು ಯಾರು ಎಂದು ಹೇಳಿ, ಆಧಾರಗಳನ್ನು ಕೊಟ್ಟು ಕೇಳಿ.

ಪುಟದ ಮೇಲಿನ ಪೆಟ್ಟಿಗೆಯನ್ನು ನೀವು ತೆಗೆಯಬೇಡಿ. ಒಂದೆರಡು ಕೋರಿಕೆ ಮುಗಿದು ಪುಟ ಸರಿಯಾದ ಮೇಲೆ, ಇನ್ನು ಇದರ ಅಗತ್ಯ ಇದೆಯಾ ಅಂತ ಚರ್ಚೆ ಪುಟದಲ್ಲೇ ಕೇಳಿ. ಪುಟದಲ್ಲಿ ಯಾರಾದರೂ ಅಸಭ್ಯ ಪದ ಬರೆದು ಹೋಗಿದ್ದರೆ, ಕಾಗುಣಿತ ತಪ್ಪಿದ್ದರೆ, ಅದನ್ನು ನೀವೇ ತೆಗೆದರೂ ಯಾರೂ ಬೇಡ ಅನ್ನುವುದಿಲ್ಲ. ಕಾರಣ ಬರೆಯುವ ಜಾಗದಲ್ಲಿ ಒಂದು ಸಾಲು ಬರೆಯಿರಿ ಅಷ್ಟೇ.

ಏಜೆನ್ಸಿಯವರಿಗೆ ಅಡ್ವಾನ್ಸ್ ಕೊಟ್ಟಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಕೊಟ್ಟಿದ್ದರೆ, ಪುಟ ಮುಟ್ಟಬೇಡಿ ಅಂತ ಇವತ್ತೇ ಅವರಿಗೆ ಮೇಲ್ ಮಾಡಿ. ಫೋನಿನಲ್ಲಿ ಹೇಳಿದರೆ ಸಾಲದು, ಬರಹದಲ್ಲಿರಲಿ. ಈಗಾಗಲೇ ಏನಾದರೂ ಮಾಡಿದ್ದರೆ ಅದನ್ನೂ ಅನ್‌ಬ್ಲಾಕ್ ಕೋರಿಕೆಯಲ್ಲಿ ಹೇಳಿಬಿಡಿ, ಮುಂಚೆ ನಿಮ್ಮ ಬಾಯಿಂದ ಬಂದರೆ ಒಂದು ರೀತಿ, ಆಮೇಲೆ ಅವರೇ ಕಂಡುಹಿಡಿದರೆ ಇನ್ನೊಂದು ರೀತಿ. ದುಡ್ಡು ವಾಪಸ್ ಬರುವ ಬಗ್ಗೆ ನನಗೆ ಅಂಥ ನಂಬಿಕೆ ಇಲ್ಲ.